ಸುಣ್ಣದ ಬೊಟ್ಟು

ಹೂವಿನಹಡಗಲಿ
18 ಡಿಸೆಂಬರ್ 2008

ಚಿ. ಸುಮಲತಾಳಿಗೆ ಅಜ್ಜ ಪಾಲಾಕ್ಷಪ್ಪನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯಲು ಈ ಸಲ ಕೈ ಏಳಲಿಲ್ಲ. ನಿನ್ನ ಕಾಗದ ಬಂದು ಎಂಟು ದಿನವಾಯಿತು. ನಿನ್ನವ್ವ ಕನಕಳಿಗೆ ಓದು ಬಾರದು, ಓದಿ ಹೇಳುವವನು ನಾನೇ ಎಂಬುದು ನಿನಗೆ ಗೊತ್ತಿದ್ದದ್ದೇ. ಪಡಸಾಲೆಯಲ್ಲಿ ಕೂತು ಒಂದಕ್ಷರ ಬಿಡದೆ ಓದಿದೆ. ಓಟದಲ್ಲಿ ಗೆದ್ದು, ಲಿಖಿತ ಪರೀಕ್ಷೆಯಲ್ಲಿ ಗೆದ್ದು, ಸಬ್ ಇನ್ಸ್‌ಪೆಕ್ಟರ್ ಕೆಲಸ ಕೈಗೆ ಬಂತು ಅನ್ನುವಾಗ ಕಣ್ಣಿನ ತಪಾಸಣೆಯಲ್ಲಿ ನಿನ್ನ ಎಡಗಣ್ಣು ಗೋಡೆಯ ಮೇಲಿನ ಅಕ್ಷರಗಳ ಎರಡನೇ ಸಾಲಿನಾಚೆ ಏನನ್ನೂ ಓದಲಿಲ್ಲ ಎಂಬುದನ್ನು ಓದಿದೆ. ದಿನಕ್ಕೆ ನಾಲ್ಕು ತಾಸು ಮಗಳ ಕಣ್ಣಿಗೆ ಒಂದು ಪಟ್ಟಿ ಹಚ್ಚಲಾಗದವಳು ಇರುವ ಮನೆಗೆ ಇನ್ನು ಬರುವುದಿಲ್ಲ ಎಂದು ಬರೆದಿದ್ದೆಯಲ್ಲ, ಅದನ್ನೂ ಓದಿದೆ. ಕನಕ ತೊಗರಿ ಹಸನು ಮಾಡುತ್ತಿದ್ದಳು. "ಬಿಡಪ್ಪ, ಅಕಿ ಕಾಗದದಾಗ ಬರದದ್ದು ಖರೇ ಐತಿ" ಎಂದಳು. ನಾನು ಕನ್ನಡಕ ಒರೆಸಿಕೊಂಡು ಕಾಗದ ಮಡಚಿಟ್ಟೆ. ಅಂದಿನಿಂದ ಅವಳು ಊಟಕ್ಕೆ ಕೂತರೂ ರೊಟ್ಟಿ ತಟ್ಟೆಯಲ್ಲೇ ಉಳಿಯುತ್ತದೆ.

ನೀನು ಅವಳ ಹತ್ತಿರ ಬರಬೇಕು. ಸಿಟ್ಟನ್ನು ನನ್ನ ಮೇಲೆ ಇಟ್ಟುಕೊಂಡೇ ಬಾ. ಯಾಕೆಂದು ಹೇಳಲಿಕ್ಕೇ ಈ ಕಾಗದ.

ಕಣ್ಣಿನಲ್ಲಿ ದೋಷವಿಲ್ಲ, ಮಿದುಳೇ ಅದನ್ನು ಕೈಬಿಟ್ಟಿದೆ ಎಂದು ಡಾಕ್ಟರು ಹೇಳಿದರೆಂದು ನೀನು ಬರೆದಿದ್ದೆ. ಆ ಮಾತು ನನ್ನನ್ನು ಕೂಡಲು ಬಿಡಲಿಲ್ಲ. ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು. ಹೂವು ಕಟ್ಟಿ ಕಳಿಸುವ ಹಳೇ ಪೇಪರು ಓದಿ ಓದಿ ತಿಳಿದದ್ದಷ್ಟೇ ನನ್ನ ಜ್ಞಾನ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಹಂಪೇಶ್ ಹತ್ತಿರ ಹೋದೆ. ಅವರು ಒಂದು ಲೇಖನ ತೆಗೆದು ಮೂರು ಸಂಜೆ ಕೂತು ಬಿಡಿಸಿ ಹೇಳಿದರು.

ನಮ್ಮ ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಒಂದು ಗುಂಪಿದೆಯಂತೆ. ಮೈಯೊಳಗೆ ಹೊಕ್ಕ ರೋಗಾಣುವಿಗೆ ಅಂಟಿಕೊಂಡು ಗುರುತು ಹಚ್ಚುವುದು ಅವುಗಳ ಕೆಲಸಗಳಲ್ಲಿ ಒಂದು. ಗುರುತು ಬಿದ್ದದ್ದನ್ನು ನುಂಗಿ ಹಾಕುವ ಕಣಗಳು ಬೇರೆ. ಹೋದ ವರ್ಷ ವಿಜ್ಞಾನಿಗಳು ಇಲಿಮರಿಗಳ ಎಳೇ ಮಿದುಳಿನಲ್ಲೂ ಇವನ್ನೇ ಕಂಡರಂತೆ. ಮರಿ ಹುಟ್ಟಿದಾಗ ಕಣ್ಣಿನಿಂದ ಬಂದ ನರಗಳು ಮಿದುಳಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬೆಸೆದುಕೊಂಡಿರುತ್ತವೆ. ಬೆಳೆಯುತ್ತ ಕೆಲವು ಬೆಸುಗೆ ಬಲಿಯಬೇಕು, ಮಿಕ್ಕವು ಹೋಗಬೇಕು. ಹೋಗಬೇಕಾದವಕ್ಕೆ ಗುರುತು ಹಚ್ಚುವುದು ಸಿ-ಒನ್-ಕ್ಯೂ ಎಂಬ ಈ ಗುಂಪಿನ ಪ್ರೋಟೀನು ಇರಬೇಕು ಎನ್ನುತ್ತಾರೆ. ಅದಿಲ್ಲದ ಇಲಿಗಳಲ್ಲಿ ಹೆಚ್ಚಿನ ಬೆಸುಗೆಗಳು ಹಾಗೇ ಉಳಿದವಂತೆ. ಮೇಷ್ಟ್ರು ಒಂದು ಮಾತು ಸೇರಿಸಿದರು: "ಇದು ಇಲಿಗಳ ಮಾತು ರೀ ಯಜಮಾನ್ರ. ನಿಮ್ಮ ಮೊಮ್ಮಗಳ ಕಣ್ಣಾಗ ಇದ ನಡೀತು ಅಂತ ಯಾರೂ ಬರದು ಕೊಡಂಗಿಲ್ಲ. ಆದ್ರ ದುಡಿಯೋ ಕಣ್ಣು ಜಾಗ ಹಿಡೀತೈತಿ, ಸುಮ್ಮ ಕುಂತ ಕಣ್ಣು ಜಾಗ ಕಳಕೊಂತೈತಿ. ಅದು ಮೊದಲಿಂದ ಗೊತ್ತಿದ್ದ ಮಾತು."

ಈಗ ಮಲ್ಲಿಗೆ ಗಿಡ ಸವರುವ ಕಾಲ. ಮುಂಚಿನ ದಿನ ನಾನು ಸುಣ್ಣದ ಡಬ್ಬಿ ಹಿಡಿದು ಸಾಲು ಸುತ್ತಿ ಸೊರಗಿದ ರೆಂಬೆಗಳಿಗೆ ಒಂದೊಂದು ಬೊಟ್ಟು ಇಡುತ್ತೇನೆ. ಮರುದಿನ ಆಳು ದುರುಗಣ್ಣ ಬಂದು ಬೊಟ್ಟಿದ್ದಲ್ಲಿ ಕತ್ತರಿಸುತ್ತಾನೆ. ಒಂದು ವರ್ಷ ಒಳ್ಳೇ ಚಿಗುರಿನ ರೆಂಬೆಯೂ ಹೋಯಿತೆಂದು ಅವನನ್ನು ಬೈದೆ. "ಬೊಟ್ಟು ನಿಮ್ದು, ಕತ್ತರಿ ನಂದು. ಬೈಯೋದಿದ್ರ ಬೊಟ್ಟಿಗೆ ಬೈಕೊಳ್ರಿ" ಎಂದ. ಅವನ ಮಾತು ಸರಿಯಿತ್ತು.

ಸುಮಾ, ನಿನ್ನ ಎಡಗಣ್ಣಿಗೆ ಬೊಟ್ಟು ಇಟ್ಟವನು ನಾನು.

ನಿನಗೆ ಆಗ ನಾಲ್ಕು ವರ್ಷ. ಊರಿನ ನೇತ್ರ ಶಿಬಿರಕ್ಕೆ ಬಂದ ಡಾಕ್ಟರಮ್ಮ, ಚೆನ್ನಾಗಿರುವ ಬಲಗಣ್ಣಿಗೆ ಪಟ್ಟಿ ಅಂಟಿಸಿ ಮೆಳ್ಳಗಿದ್ದ ಎಡಗಣ್ಣಿನಿಂದಲೇ ನೋಡುವ ಹಾಗೆ ಮಾಡಬೇಕು, ಅದೂ ಏಳು ವರ್ಷ ತುಂಬುವುದರೊಳಗೆ ಆಗಬೇಕು, ಆಮೇಲೆ ಕಷ್ಟ ಎಂದಳು. ನಿನ್ನವ್ವ ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ ಪಟ್ಟಿ ಹಚ್ಚಿ, ಹೂವಿನ ಬುಟ್ಟಿ ಬಸ್ಸಿಗೆ ಹಾಕಲು ಹೋದರೆ ತಿರುಗಿ ಬರುವುದು ಪಟ್ಟಿ ತೆಗೆಯುವ ಹೊತ್ತಿಗೇ. ಅವಳು ಓಣಿಯ ಮೂಲೆ ತಿರುಗಿದ ಕೂಡಲೇ ನಾನು ಅದನ್ನು ಬಿಚ್ಚುತ್ತಿದ್ದೆ. ಅವಳು ಬರುವ ಹೊತ್ತಿಗೆ ಮತ್ತೆ ಅಂಟಿಸುತ್ತಿದ್ದೆ. ಪಟ್ಟಿ ಕಟ್ಟಿಕೊಂಡ ನೆನಪೇ ಇಲ್ಲ ಎಂದು ನೀನು ಬರೆದದ್ದು ಅದಕ್ಕೇ.

ನೀನು ಅಳುತ್ತಿದ್ದೆ, ಹೊಸ್ತಿಲು ಎಡವುತ್ತಿದ್ದೆ, ನೋಡಲಾಗದೆ ಬಿಚ್ಚಿದೆ. ಹೀಗೆಂದು ಬರೆದು ಮುಗಿಸಬೇಕೆಂದಿದ್ದೆ. ಅದು ಪೂರ್ತಿ ನಿಜವಲ್ಲ. ನೀನು ಅತ್ತದ್ದು ಮೊದಲ ವಾರ ಮಾತ್ರ, ಆಮೇಲೆ ಅಳಲಿಲ್ಲ.

ಮೆಳ್ಳಗಣ್ಣಿನ ಹೆಣ್ಣುಕೂಸು ಮನೆಗೆ ಅದೃಷ್ಟ ಎಂಬ ಮಾತು ನಮ್ಮಲ್ಲಿದೆ. ನಿನ್ನಪ್ಪ ತೀರಿಕೊಂಡು ನೀವಿಬ್ಬರೂ ಬಂದ ವರ್ಷ ಸುತ್ತಲಿನ ತೋಟಗಳಿಗೆ ರೋಗ ಬಡಿಯಿತು, ನಮ್ಮದಕ್ಕೆ ಬಡಿಯಲಿಲ್ಲ. ಮೊದಲ ಮೊಗ್ಗು ನಿನ್ನ ಕೈಯಿಂದಲೇ ಬಿಡಿಸತೊಡಗಿದೆ. ಪಕ್ಕದ ತೋಟದ ನಾಗಲಿಂಗಮ್ಮ, "ಯಣ್ಣಾ, ನಿನ್ನ ಮೆಳ್ಳಿ ಲಕ್ಷ್ಮೀನ ಒಂದೊಪ್ಪತ್ತು ಕಡ ಕೊಡೋ" ಎಂದು ನಿನ್ನನ್ನು ಸೊಂಟಕ್ಕೇರಿಸಿಕೊಂಡು ಹೋಗುವಾಗ ನಾನು ಬೀಗುತ್ತಿದ್ದೆ. ಕಣ್ಣು ನೆಟ್ಟಗಾದರೆ ಅದೃಷ್ಟ ಹೋದೀತು ಎಂಬುದು ನನ್ನ ಹೊಟ್ಟೆಯೊಳಗಿತ್ತು. ಪಟ್ಟಿ ನೋಟ ಬರಿಸಲಿಕ್ಕೆ, ನೆಟ್ಟಗೆ ಮಾಡಲಿಕ್ಕಲ್ಲ ಎಂದು ಡಾಕ್ಟರಮ್ಮ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹದಿನಾರರಲ್ಲಿ ದಾವಣಗೆರೆಯಲ್ಲಿ ಆಪರೇಷನ್ ಆಗಿ ನಿನ್ನ ಕಣ್ಣು ನೆಟ್ಟಗಾಯಿತು, ನೋಟ ಬರಲಿಲ್ಲ. ಸಣ್ಣಾಕಿದ್ದಾಗ ಪಟ್ಟಿ ಹಚ್ಚಿದ್ದಿಯೇನಮ್ಮ ಎಂದು ಅಲ್ಲಿನ ಡಾಕ್ಟರು ನಿನ್ನವ್ವನನ್ನು ಕೇಳಿದರು. ಅವಳು ತಲೆ ತಗ್ಗಿಸಿ, "ಹಚ್ಚತಿದ್ನಿರೀ" ಎಂದಳು. ಅವರು ನಂಬಲಿಲ್ಲ, ನಿನ್ನೆದುರಿಗೇ ಅವಳನ್ನು ಬೈದರು. ನಾನು ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದೆ. ಅಂದೂ ಬಾಯಿ ತೆರೆಯಲಿಲ್ಲ.

ಹೋದ ಕೆಲಸ ಈ ಕಾಗದದಿಂದ ಬರುವುದಿಲ್ಲ. ಕಣ್ಣೂ ಬರುವುದಿಲ್ಲ. ನಿನ್ನವ್ವನ ಮೇಲಿನ ಸಿಟ್ಟಾದರೂ ಸರಿಯಾದ ಮನುಷ್ಯನ ಮೇಲೆ ಬೀಳಲಿ. ನೀನು ಬರುವ ದಿನ ತಿಳಿಸು. ನನ್ನ ಮುಖ ನೋಡಬಾರದೆನಿಸಿದರೆ ಅಂದು ನಾನು ತೋಟದಲ್ಲೇ ಇರುತ್ತೇನೆ.

ಕ್ಷಮೆ ಕೇಳುವ ಮುಖವಿಲ್ಲದ ನಿನ್ನ ಅಜ್ಜ,
ಪಾಲಾಕ್ಷಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ನಿನ್ನವ್ವನಿಗೆ ಓದಿದೆ. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. "ನನಗ ಗೊತ್ತಿತ್ತಪ್ಪ" ಎಂದಳು. "ಒಂದಿನ ಹೂವಿಗೆ ಹೊದಿಸೋ ಒದ್ದಿ ಅರಿವಿ ಮರತು ಅರ್ಧ ದಾರೀಲಿ ತಿರುಗಿ ಬಂದಿದ್ದೆ. ಕೂಸು ನಿನ್ನ ತೊಡಿಮ್ಯಾಲ ಎರಡೂ ಕಣ್ಣು ಬಿಟ್ಕೊಂಡು ಕುಂತಿತ್ತು. ಹಂಗ ಹಿಂದಕ ಹೋದೆ." ಯಾಕೆ ಕೇಳಲಿಲ್ಲ ಎಂದೆ. "ಗಂಡ ಸತ್ತು ಆರು ತಿಂಗಳಾಗಿತ್ತು. ನೀ ನಮ್ಮನ್ನ ಇಟ್ಕೊಂಡಿದ್ದೇ ಅಕಿ ಮೆಳ್ಳಗಣ್ಣಿನ ಸಲುವಾಗಿ. ನಿನ್ನ ಕೇಳಿ ಎಲ್ಲಿಗೆ ಹೋಗಬೇಕಿತ್ತು?" ಎಂದಳು. ಇದನ್ನು ನಿನಗೆ ಬರೆಯಬೇಡ ಎಂದೂ ಹೇಳಿದ್ದಾಳೆ.