ನಲ್ಲಿಗೆ ಹೋದ ಹ್ಯಾಂಡಲ್

೧೧ ಫೆಬ್ರವರಿ ೨೦೨೬, ಬುಧವಾರ. ಬೆಳಕವಾಡಿ.

ಇವತ್ತೂ ಅರ್ಧ ಮಿಲಿಮೀಟರ್ ತಪ್ಪಿತು. ಕಬ್ಬಿಣ ಕೊರೆಯುವ ಪುಟ್ಟ ಮಿಲ್ಲಿಂಗ್ ಮಿಷನ್ನಿಗೆ ಕಂಪ್ಯೂಟರ್ ಕೂರಿಸಿ ಹನ್ನೊಂದು ದಿನವಾಯಿತು. ಅದರ ಟೇಬಲ್ ಸರಿಸುವ ಸವೆದ ಸ್ಕ್ರೂ ಹಿಂದಕ್ಕೆ ತಿರುಗುವಾಗ ಮೊದಲು ಸ್ವಲ್ಪ ಸುಮ್ಮನೆ ಸುತ್ತುತ್ತದೆ, ಟೇಬಲ್ ಅಲ್ಲಾಡುವುದಿಲ್ಲ. ಎಷ್ಟು ಅಂತ ನನ್ನ ಕೈಗೆ ಗೊತ್ತಿತ್ತು. ಕಂಪ್ಯೂಟರಿಗೆ ಹೇಳಿಕೊಟ್ಟು ಸಾಕಾಯಿತು.

ಸಂಜೆ ಆಲೆಮನೆಯ ಕರಿಯಯ್ಯ ಗಾಣದ ಮೋಟರಿನ ಶಾಫ್ಟ್ ತಂದ. ಅದಕ್ಕೆ ಚಕ್ರ ಜಾರದಂತೆ ಹಿಡಿಯುವ ಕೀ ಕೂರಲು ಕಚ್ಚು ಕೊರೆಯಬೇಕು.

"ಗಾಣ ನಿಂತೋಗ್ಯದೆ ಕಣ್ಲಾ ಸಿವು, ಕಡ್ದಿರೋ ಕಬ್ಬು ಒಣಗ್ತಾ ಅದೆ. ಕಂಪ್ಯೂಟ್ರು ಗಿಂಪ್ಯೂಟ್ರು ಬ್ಯಾಡ, ಮೊದಲಿನಂಗೆ ಕೈಲೇ ಮಾಡ್ಕೊಟ್ಬುಡು," ಎಂದ.

ಕೈಯಲ್ಲಿ ಹೇಗೆ ಮಾಡಲಿ? ಕೈಯಿಂದ ತಿರುಗಿಸುವ ಹ್ಯಾಂಡಲ್ ಕೂರುತ್ತಿದ್ದ ಸ್ಕ್ರೂ ತುದಿಗಳನ್ನೇ ಕಂಪ್ಯೂಟರಿನ ಮೋಟರ್ ಕೂರಿಸಲೆಂದು ಕೊಯ್ದು ಹಾಕಿದ್ದೇನೆ. "ಕಂಪ್ಯೂಟ್ರು ಸರಿಯೋಗೋ ಗಂಟ ಕುಯ್ಬ್ಯಾಡಿ" ಅಂತ ಹೆಂಡತಿ ವೀಣ ಬಡಕೊಂಡಿದ್ದಳು. ಕರಿಯಯ್ಯನಿಗೆ ಇದನ್ನು ಹೇಳದೆ ನಾಳೆ ಬಾ ಅಂದುಬಿಟ್ಟೆ. ನಾಳೆ ಯಾವ ಮುಖ ತೋರಿಸಲಿ?

ಬಿಚ್ಚಿದ ಹ್ಯಾಂಡಲ್ಲೊಂದನ್ನು ವೀಣ ಹಿತ್ತಿಲ ನಲ್ಲಿಗೆ ಹಾಕಿಸಿಕೊಂಡಿದ್ದಾಳೆ. ಈಗ ಕೈ ತೊಳೆಯಲು ಹೋಗಿ ತಿರುಗಿಸಿದೆ. ಕಾಲು ಸುತ್ತು ಸುಮ್ಮನೆ ಸುತ್ತಿತು, ಆಮೇಲೆ ಹಿಡಿಯಿತು. ಎಲ್ಲಿ ಹಿಡಿಯುತ್ತದೆಂದು ಕೈಗೆ ಮೊದಲೇ ಗೊತ್ತಾಯಿತು.

"ನೀರು ಪೋಲಾಗ್ತಾ ಅದೆ, ನಿಲ್ಸಿ" ಎಂದು ವೀಣ ಒಳಗಿನಿಂದ ಎರಡು ಸಲ ಕೂಗಿದಳು. ನಾನು ಹ್ಯಾಂಡಲ್ ಹಿಡಿದುಕೊಂಡೇ ನಿಂತಿದ್ದೆ.