ಕ್ಯಾಲ್ಸಿಯಂ ಡಬ್ಬಿ

ಜುಲೈ 14, ಮಂಗಳವಾರ, ಸಂಭಾಜಿನಗರ

ಆಸ್ಪತ್ರೆಯಿಂದ ಬಂದ ಮೇಲೆ ಬೀಗತಿಯೇ ನನಗೆ ಹಾಸಿಗೆ ಹಾಸಿಕೊಟ್ಟರು. ಚಳಿಯಾದೀತೆಂದು ಇನ್ನೊಂದು ಹೊದಿಕೆಯನ್ನೂ ಇಟ್ಟು ಹೋದರು. ಅದನ್ನು ಮುಟ್ಟಲು ಮನಸ್ಸಾಗುತ್ತಿಲ್ಲ.

ಮಗಳು ಮಂಜುಶ್ರೀಗೆ ಫಿಟ್ಸ್ ಇದೆಯೆಂದು ಈ ಬೀಗರಿಗೆ ಹೇಳದೆಯೇ ಮದುವೆ ಮಾಡಿದೆವು. ಅವಳ ಗುಳಿಗೆಗಳನ್ನು ಕ್ಯಾಲ್ಸಿಯಂ ಡಬ್ಬಿಗೆ ತುಂಬಿ ನಾಸಿಕ್‌ನಿಂದ ನಾನೇ ಕಳಿಸುತ್ತಿದ್ದೆ. ಇಲ್ಲಿಯ ಡಾಕ್ಟರ ಹತ್ತಿರ ಹೋಗಬೇಡ, ಯಾರಾದರೂ ನೋಡುತ್ತಾರೆ ಎಂದವಳೂ ನಾನೇ. ಈ ಸಲ ಕಳಿಸುವುದು ತಡವಾಯಿತು. ಡಬ್ಬಿ ಖಾಲಿಯಾದದ್ದನ್ನು ಕಂಡ ಬೀಗತಿ ಅಂಗಡಿಯಿಂದ ನಿಜವಾದ ಕ್ಯಾಲ್ಸಿಯಂ ತಂದು ತುಂಬಿದರಂತೆ. ಹುಡುಗಿ ಗುಟ್ಟು ಬಿಟ್ಟುಕೊಡದೆ ಅದನ್ನೇ ನುಂಗಿದಳು. ನಿನ್ನೆ ರೊಟ್ಟಿ ಮಾಡುವಾಗ ಫಿಟ್ಸ್ ಬಂದು ಸುಡುವ ಹಂಚಿನ ಮೇಲೆ ಬಿದ್ದಳು.

ಮೊದಲು ಹೀಗಾಗಿತ್ತೇ ಎಂದು ಡಾಕ್ಟರು ಕೇಳಿದಾಗ ಇಲ್ಲ ಎಂದೆ. ಹಾಗಾದರೆ ಸದ್ಯ ಫಿಟ್ಸಿನ ಗುಳಿಗೆ ಬೇಡ, ನೋಡೋಣ ಎಂದರು.

"ಬ್ಯಾರೆ ಕಂಪನೀದು ನಾನೇ ತಂದ್ಹಾಕಿದೆ, ಅಕ್ಕಾರೆ. ನನ್ನಿಂದಾನೇ ಹಿಂಗಾಯ್ತೇನ್ರಿ?" ಎಂದು ಬೀಗತಿ ಅತ್ತರು. "ನಿಮ್ದೇನ್ ತಪ್ಪಿಲ್ರಿ" ಎಂದು ಅವರ ಬೆನ್ನು ಸವರಿದೆ. ಮಂಜು ಸುಟ್ಟ ಕೈ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

ಅವಳ ಗುಳಿಗೆಗಳು ಈಗ ನನ್ನ ತಲೆದಿಂಬಿನ ಪಕ್ಕದ ಚೀಲದಲ್ಲಿವೆ. ಸುದ್ದಿ ಕೇಳಿ ಹೊರಡುವ ಗಡಿಬಿಡಿಯಲ್ಲೂ ಅವನ್ನು ಕ್ಯಾಲ್ಸಿಯಂ ಡಬ್ಬಿಗೆ ತುಂಬುವುದನ್ನು ಮಾತ್ರ ನಾನು ಮರೆತಿರಲಿಲ್ಲ.