ಗುಪ್ತ ರೋಗದ ಬಾಗಿಲಿಗೆ ಮೈಕು ಯಾಕೆ?

ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳೇ,

ಚೀಟಿ ಮಾಡಿಸುವ ಕಿಟಕಿಗೂ ಔಷಧಿ ಕೊಡುವ ಕಿಟಕಿಗೂ ನಡುವೆ, ಊರೆಲ್ಲ ಓಡಾಡುವ ಪಡಸಾಲೆಯಲ್ಲಿ, ತಾವು ಕೆಂಪು ಅಕ್ಷರದ ಫಲಕವೊಂದನ್ನು ತೂಗುಹಾಕಿಸಿದ್ದೀರಿ: ‘ಗುಪ್ತ ರೋಗಗಳ ತಪಾಸಣೆ’. ಫಲಕದ ಕೆಳಗೆ ಬೆಂಚು, ಬಾಗಿಲಿಗೆ ಮೈಕು. ಆ ಮೈಕಿನಲ್ಲಿ ರೋಗಿಯ ಹೆಸರು, ತಂದೆಯ ಹೆಸರು, ಓಣಿಯ ಹೆಸರು ಕೂಗಲಾಗುತ್ತದೆ. ತಮ್ಮಲ್ಲಿ ಶೌಚಾಲಯ ಎಲ್ಲಿದೆಯೆಂದು ತಿಳಿಯಲು ಹೊಸಬರು ನಾಲ್ಕು ಜನರನ್ನು ಕೇಳಬೇಕು. ಗುಪ್ತ ರೋಗದ ಕೋಣೆ ಮಾತ್ರ ಆಚೆ ರಸ್ತೆಯ ಭಜಿ ಅಂಗಡಿಯಿಂದಲೇ ಕಾಣುತ್ತದೆ. ನಾನು ಬಾದಾಮಿಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಕಲಿಸುವವಳು. ‘ಗುಪ್ತ’ ಎಂಬ ಶಬ್ದದ ಅರ್ಥ ಬೇಕಿದ್ದರೆ ಬಂದು ಹೇಳಿಕೊಡುತ್ತೇನೆ. ಆಸ್ಪತ್ರೆಯ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಮ್ಮ ಹೆಸರಿಗೆ ತಾವು ತೋರದ ಮರ್ಯಾದೆಯನ್ನು ತಮ್ಮ ಹೆಸರಿಗೆ ನಾನು ತೋರುತ್ತಿದ್ದೇನೆ.

ನನ್ನ ಅಪ್ಪನ ಹೆಸರು ಬರೆಯಲು ಅಡ್ಡಿಯಿಲ್ಲ. ಅದನ್ನು ಅವರೇ ಸಾರಿಬಿಟ್ಟಿದ್ದಾರೆ. ಹುಚ್ಚೇಶ, ಇಳಕಲ್ಲ ಸೀರೆ ನೇಯುವವರು. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುವುದರಲ್ಲಿ ನಮ್ಮ ಓಣಿಯಲ್ಲಿ ಅವರನ್ನು ಮೀರಿಸುವ ಕೈ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಆ ಕೈ ಮಗ್ಗದ ಮುಂದೆ ದಾರಿ ತಪ್ಪಿ ನಿಂತಿತು. ಆಮೇಲೆ ಸತ್ತವರ ಮನೆಗೆ ಹೋಗಿ “ಊಟಕ್ಕ ಏನ ಮಾಡಿಸೀರಿ?” ಎಂದು ಕೇಳಿದರು. ಬೀಗರೆದುರು ಬನಿಯನ್ನಿನಲ್ಲಿ ಕುಳಿತು ಹಾಡಿದರು. “ಅರಳು ಮರಳು ಬಿಡ್ರಿ, ವಯಸ್ಸಾತು” ಅಂದರು ನೆರೆಯವರು. ಅರಳು ಮರಳು ನಮ್ಮಲ್ಲಿ ರೋಗವಲ್ಲ ಸ್ವಾಮಿ, ಹಿರಿಯರಿಗೆ ಸಿಗುವ ಬಿರುದು. ಬಿರುದಿಗೆ ಯಾರಾದರೂ ಔಷಧಿ ಕೇಳುತ್ತಾರೆಯೇ?

ಆದರೂ ಅಪ್ಪನನ್ನು ಬಾಗಲಕೋಟೆಗೆ ಕರೆದೊಯ್ದೆ. ನರರೋಗ ನೋಡುವ ಡಾಕ್ಟರ್ ಶಹನಾಜ ಅವರು ಹೇಳಿದರು: “ಎಲ್ಲಾ ಮರೆವೂ ಮುಪ್ಪಿಂದು ಅಲ್ರಿ. ಥೈರಾಯ್ಡ್ ನೋಡೂಣು, ವಿಟಮಿನ್ ನೋಡೂಣು, ಸಿಫಿಲಿಸ್ಸೂ ನೋಡೂಣು. ಹರೇದಾಗ ತಗುಲಿದ್ದು ಎಷ್ಟೋ ವರ್ಷ ಸುಮ್ಮನಿದ್ದು ಮೆದುಳಿಗೆ ಏರಬಹುದು. ಅದಿದ್ರ ಔಷಧ ಐತಿ, ಹಂಗಾಗಿ ಮೊದಲ ಅದನ್ನ ಹುಡುಕ್ತೇವಿ.” ರಕ್ತವನ್ನು ನಮ್ಮೂರ ಹತ್ತಿರವೇ, ಅಂದರೆ ತಮ್ಮಲ್ಲಿಯೇ, ಕೊಡಬಹುದು ಎಂದೂ ಹೇಳಿದರು.

ನಾನು ಶಾಲೆಗೆಂದು ಬಾದಾಮಿಯಲ್ಲಿದ್ದಾಗ ಅಣ್ಣ ಬಸು ಮತ್ತು ಅವ್ವ ಅಪ್ಪನನ್ನು ತಮ್ಮ ಆಸ್ಪತ್ರೆಯ ಬಾಗಿಲಿನವರೆಗೆ ತಂದರು. ಫಲಕ ಓದಿದರು. “ನಮ್ಮಪ್ಪ ಅಂಥಾವ ಅಲ್ಲ” ಎಂದು ಅಣ್ಣ ಅಲ್ಲಿಂದಲೇ ಗಾಡಿ ತಿರುಗಿಸಿದ. ನನಗೆ ಮಾತ್ರ “ರಕ್ತ ತೋರಿಸೀವಿ, ಏನೂ ಇಲ್ಲಂತ” ಎಂದರು. ಒಂದು ವರ್ಷ ಅಪ್ಪನಿಗೆ ಒಂದೆಲಗದ ರಸ ಕುಡಿಸಿದೆವು. ಆ ವರ್ಷದಲ್ಲಿ ಅವರು ಮೊದಲು ಓಣಿಯ ದಾರಿ ಮರೆತರು, ಆಮೇಲೆ ನನ್ನ ಹೆಸರು ಮರೆತರು.

ಮರಳಿ ಬಾಗಲಕೋಟೆಗೆ ಹೋದಾಗ ಡಾಕ್ಟರು ರಿಪೋರ್ಟ್ ಕೇಳಿದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು, ರಕ್ತ ಕೊಡದೆಯೇ ಮರಳಿದ್ದನ್ನು ಒಪ್ಪಿಕೊಂಡಳು. ಮರುದಿನವೇ ಅಪ್ಪನನ್ನು ನಾನು ತಮ್ಮ ಬೆಂಚಿಗೆ ತಂದೆ.

ಅಲ್ಲಿ ಆದದ್ದನ್ನು ತಾವು ನೋಡಬೇಕಿತ್ತು. ಸಾಲಿನಲ್ಲಿದ್ದವರೆಲ್ಲ ಗೋಡೆಯ ಕಡೆ ಮುಖ ಮಾಡಿ ಗೋಡೆಯನ್ನೇ ಓದುತ್ತಿದ್ದರು. ಒಬ್ಬರು ಟವೆಲ್ಲನ್ನು ಮುಖಕ್ಕೆ ಹೇಗೆ ಸುತ್ತಿಕೊಂಡಿದ್ದರೆಂದರೆ, ಕಣ್ಣೆರಡೇ ಹೊರಗೆ. ಅವರ ಹೆಸರು ಬೇರೆ, ಇಲ್ಲಿ ಮಲಕಪ್ಪ ಎನ್ನೋಣ. ನನ್ನ ಹೆಸರು ಮರೆತ ಅಪ್ಪ ಆ ಕಣ್ಣುಗಳನ್ನು ಗುರುತು ಹಿಡಿದುಬಿಟ್ಟರು!

“ಲೇ ಮಲಕ್ಯಾ! ಮಾರಿ ಯಾಕ ಮುಚ್ಚೀಯಲೇ, ಹಲ್ಲು ನೋವೇನು?”

ಮಲಕಪ್ಪ ಕೆಮ್ಮಿದರು. “ಕಣ್ಣು ತೋರಸಾಕ ಬಂದೇನಿ” ಎಂದರು.

“ಕಣ್ಣಂತ! ಈ ಬೋರ್ಡು ಓದಾಕ ಬರಲಿಲ್ಲೇನು ನಿನಗ? ಹಂಗಾರ ಕಣ್ಣು ಖರೇನ ತೋರ್ಸು. ಬಾ, ಕೂಡು. ನನಗೂ ಇದ ಐತಂತ.”

ಅಪ್ಪನಿಗೆ ಏನಿದೆಯೆಂದು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ. ಬೆಂಚು ಮೊದಲು ಹೆದರಿತು, ಆಮೇಲೆ ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಮೈಕು ಅಪ್ಪನ ಹೆಸರು ಕೂಗಿದಾಗ ಅವರು ಸನ್ಮಾನಕ್ಕೆ ಕರೆದಂತೆ ಎದ್ದು, ಪಡಸಾಲೆಗೆಲ್ಲ ಕೈ ಮುಗಿದು ಒಳಗೆ ಹೋದರು. ಈ ಸಾಲಿನಲ್ಲಿ ತಲೆ ಎತ್ತಿ ಕೂಡಲು ನಾಚಿಕೆ ಎಂಬುದನ್ನೇ ಮರೆಸುವ ಮರೆವು ಬೇಕಾಯಿತಲ್ಲ! ಉಳಿದವರು ಏನು ಮಾಡಬೇಕು?

ಸಿಫಿಲಿಸ್ ಇತ್ತು. ಬೆನ್ನಿನ ನೀರು ತೆಗೆದು ನೋಡಿದರು, ಅಲ್ಲಿಯೂ ಇತ್ತು. ಬಾಗಲಕೋಟೆಯಲ್ಲಿ ಒಳರೋಗಿಯಾಗಿ ಇಟ್ಟುಕೊಂಡು ಪೆನಿಸಿಲಿನ್ ಕೊಟ್ಟರು. ಮರೆವು ಮುಂದೆ ಹೋಗುವುದು ನಿಂತಿದೆ. ನನ್ನ ಹೆಸರು ಮರಳಿ ಬಂದಿದೆ, ಕೊಂಡಿ ಹಾಕುವ ಕೈ ಬಂದಿಲ್ಲ. “ಒಂದ ವರ್ಷ ಮೊದಲ ರಕ್ತ ಕೊಟ್ಟಿದ್ರ ಇನ್ನೂ ಭಾಳ ಉಳೀತಿತ್ತು” ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ಅವ್ವ ವಿಚಾರಣೆಗೆ ಕುಳಿತಳು. “ಹರೇದಾಗ ಸೊಲ್ಲಾಪುರಕ್ಕ ಸೀರಿ ಮಾರಾಕ ಹೋಗ್ತಿದ್ರಲ್ಲ, ಅಲ್ಲೇನ ಮಾಡಿದ್ರಿ ಹೇಳ್ರಿ.”

ಅಪ್ಪನ ಮುಖ ಅರಳಿತು. “ಸೊಲ್ಲಾಪುರದಾಗ ಚಾದರ ಭಾಳ ಛಲೋ ಸಿಗ್ತಾವ” ಎಂದರು.

ಅವ್ವ ಅಡುಗೆಮನೆಗೆ ಬಂದು ನನ್ನ ಪಕ್ಕ ಕುಳಿತಳು. “ಜಗಳ ಮಾಡಾಕ ಎದುರಿಗೊಬ್ಬ ಮನಷಾ ಬೇಕಲ್ಲ ಪ್ರೀತಿ. ಮಾಡಿದಾವ ಎಲ್ಲೋ ಹೋಗ್ಯಾನ. ಇಲ್ಲಿ ಕುಂತಾವಗ ಬೈದ್ರ ನನಗ ಪಾಪ ಬರ್ತೈತಿ.”

ಅವಳೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕಿತ್ತು. “ಸತ್ತರೂ ಆ ಬಾಗಲಾ ತುಳಿಯೂದಿಲ್ಲ” ಎಂದಳು. ಕಡೆಗೆ ಗುರುತಿನವರಿಲ್ಲದ ಊರೆಂದು ಕೆರೂರಿಗೆ ಬಸ್ಸು ಹತ್ತಿ ಒಂದು ಖಾಸಗಿ ಲ್ಯಾಬಿಗೆ ಹೋದಳು. ಅಲ್ಲಿ ಕುರ್ಚಿಯಲ್ಲಿ ಯಾರಿದ್ದರು? ನಮ್ಮದೇ ಓಣಿಯ ಹೆಣ್ಣುಮಗಳು. ನೀಲಾಬಾಯಿ ಎನ್ನೋಣ.

“ತಂಗಿ ಮನಿಗೆ ಬಂದಿದ್ನಿ” ಎಂದಳು ನೀಲಾಬಾಯಿ.

“ನಾನೂ ತಂಗಿ ಮನಿಗೇ” ಎಂದಳು ಅವ್ವ.

ಇಬ್ಬರಿಗೂ ತಂಗಿಯರಿಲ್ಲ. ಅದು ಇಬ್ಬರಿಗೂ ಗೊತ್ತು. ಮೊದಲು ಯಾರು ನಕ್ಕರೋ ಗೊತ್ತಿಲ್ಲ, ಬರುವಾಗ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದರು. ಹುನಗುಂದದವರು ಬಾದಾಮಿಗೆ, ಬಾದಾಮಿಯವರು ಇಳಕಲ್ಲಿಗೆ, ಹೀಗೆ ರೋಗ ಮುಚ್ಚಿಡಲು ಎಷ್ಟು ಜನ ಬಸ್ಸು ಹತ್ತುತ್ತಾರೋ! ಬಸ್ಸು ಹತ್ತಲಾಗದವರು ಮನೆಯಲ್ಲೇ ಉಳಿಯುತ್ತಾರೆ, ರೋಗವೂ ಉಳಿಯುತ್ತದೆ.

ಅವ್ವನಿಗೆ ಸೋಂಕಿಲ್ಲವೆಂದು ತಿಳಿಯಿತು. ಅಪ್ಪನೆದುರು ನಿಂತು “ನನಗೇನೂ ಇಲ್ಲಂತ್ರಿ” ಎಂದಳು. “ಛಲೋ ಆತು” ಎಂದರು ಅಪ್ಪ, ಮನಸಾರೆ. “ನಿನಗೇನಾಗಿತ್ತು?” ಅವ್ವ ನಗುತ್ತ ನಗುತ್ತ ಅತ್ತುಬಿಟ್ಟಳು. ಈ ಪತ್ರಕ್ಕೆ ಅವಳ ಒಪ್ಪಿಗೆ ಇದೆ, “ನನ್ನ ಹೆಸರೊಂದು ಬರೀಬ್ಯಾಡ” ಎಂಬ ಷರತ್ತಿನ ಮೇಲೆ.

ಆದ್ದರಿಂದ ಕೇಳುತ್ತಿದ್ದೇನೆ. ಆ ಫಲಕ ಇಳಿಸಿ. ಹೆಸರು ಕೂಗುವುದು ಬಿಟ್ಟು ಟೋಕನ್ ಕೊಡಿ. ಈ ರಕ್ತವನ್ನೂ ಎಲ್ಲರ ರಕ್ತ ತೆಗೆಯುವ ಕೋಣೆಯಲ್ಲೇ ತೆಗೆಯಿರಿ. ಸಕ್ಕರೆ ಕಾಯಿಲೆಯ ರಕ್ತದ ಪಕ್ಕ ಕೂಡಲು ಅದು ನಾಚುವುದಿಲ್ಲ. ಮರೆವೆಂದು ಬಂದ ಹಿರಿಯರನ್ನು “ವಯಸ್ಸಾಯಿತು” ಎಂದು ಕಳಿಸುವ ಮೊದಲು ಪರೀಕ್ಷಿಸಿ. ಇದು ಕಷ್ಟವೆನಿಸಿದರೆ, ಒಂದು ಸಂತೆಯ ದಿನ ತಾವೇ ಆ ಬೆಂಚಿನ ಮೇಲೆ ಕೂಡಿ. ತಮ್ಮ ಹೆಸರು, ತಂದೆಯ ಹೆಸರು, ಹುದ್ದೆ ಕೂಗಲು ನಾನೇ ಬರುತ್ತೇನೆ. ಪಾಠ ಹೇಳಿ ಪಳಗಿದ ಗಂಟಲು ನನ್ನದು.

ನಮ್ಮ ಮನೆಯಿಂದ ಹೋದ ಒಂದು ವರ್ಷವನ್ನು ತಾವು ಮರಳಿ ಕೊಡಲಾರಿರಿ. ಮುಂದಿನ ಮನೆಯವರ ವರ್ಷವನ್ನಾದರೂ ಅವರಿಗೇ ಬಿಡಿ.

ಇಂತಿ,
‘ತಮ್ಮ ವಿಶ್ವಾಸಿ’ ಎಂದು ಬರೆಯಲು ಕೈ ಬಾರದ,
ಮುಚ್ಚಿಡಲು ಏನೂ ಉಳಿಯದ ಮನೆಯ ಮಗಳು,
ಪ್ರೀತಿ, ಇಳಕಲ್ಲ